ಅಡಿಕೆ ಮರದಿಂದ ಬಿದ್ದವರ ಮುಂದಿನ ಕಥೆ: ದೋಟಿ ಬಂತು, ಬೆನ್ನುಹುರಿ ಆರೈಕೆ ಎಲ್ಲಿ?

ಪುತ್ತೂರು: ಮಳೆಗಾಲ ಬಂತು ಅಂದ್ರೆ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಗಡಿಬಿಡಿ. ಪಾಚಿ ಹಿಡಿದ ಮರ, ಜಾರುವ ಕಾಲು, ಕೈಯಲ್ಲಿ ಪೈಪು. ನಲ್ವತ್ತು-ಐವತ್ತು ಅಡಿ ಎತ್ತರದಲ್ಲಿ ಹಿಡಿತ ತಪ್ಪಿದರೆ ಸುದ್ದಿ ಎರಡು ಸಾಲಲ್ಲಿ ಮುಗಿಯುತ್ತದೆ: ಮರದಿಂದ ಬಿದ್ದು ಗಂಭೀರ ಗಾಯ, ಮಂಗಳೂರಿಗೆ ರವಾನೆ. ಆಮೇಲೆ ಅವರು ಏನಾದರು ಅಂತ ಕೇಳುವವರು ಕಮ್ಮಿ. ಜೀವ ಉಳಿದವರ ಅಸಲಿ ಕಷ್ಟ ಶುರುವಾಗುವುದೇ ಅಲ್ಲಿಂದ.

ಆಗುವುದೇನು?

ಬೆನ್ನುಹುರಿ ಅಂದರೆ ಮೆದುಳಿನಿಂದ ಸೊಂಟದತ್ತ ಇಳಿಯುವ ನರಗಳ ದೊಡ್ಡ ಕಟ್ಟು. ಅದನ್ನು ಕಾಯುವ ಬೆನ್ನೆಲುಬು ಒಡೆದು ಹುರಿ ಜಜ್ಜಿದರೆ ಅಲ್ಲಿಂದ ಕೆಳಗೆ ಮೆದುಳಿನ ಮಾತು ತಲುಪುವುದಿಲ್ಲ. ಕುತ್ತಿಗೆಯಲ್ಲಾದರೆ ಕೈ, ಕಾಲು ನಾಲ್ಕೂ ಹೋಗಬಹುದು. ಅದಕ್ಕಿಂತ ಕೆಳಗಾದರೆ ಎರಡು ಕಾಲು. ಎತ್ತರದಿಂದ ಬಿದ್ದವರಲ್ಲಿ ಎದೆ ಮತ್ತು ಸೊಂಟದ ಎಲುಬು ಸೇರುವ ಜಾಗ ಮುರಿಯುವುದು ಜಾಸ್ತಿ. ಜೊತೆಗೆ ಮಲ, ಮೂತ್ರದ ಹಿಡಿತವೂ ತಪ್ಪುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಮುಟ್ಟಿದರೂ ಗೊತ್ತಾಗದ ಕಾಲಿನಲ್ಲಿ ಬೆಂಕಿ ಇಟ್ಟ ಹಾಗೆ ಉರಿ ಬರಬಹುದು. ಸ್ಪರ್ಶವೇ ಇಲ್ಲದ ಮೇಲೆ ನೋವು ಎಲ್ಲಿಂದ ಅಂತ ಮನೆಯವರಿಗೇ ಅನುಮಾನ. ಅದು ನಾಟಕ ಅಲ್ಲ. ಪೆಟ್ಟು ತಿಂದ ನರ ತಪ್ಪು ಸಂದೇಶ ಕಳಿಸುವುದರಿಂದ ಬರುವ ನಿಜವಾದ ನೋವು. ಮೆಡಿಕಲ್ ಶಾಪಿನ ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ನರದ ನೋವಿಗೆ ಬೇರೆ ಮದ್ದು ಇದೆ, ವೈದ್ಯರ ಹತ್ತಿರ ಹೇಳಬೇಕು.

ಮೊದಲ ಅರ್ಧ ಗಂಟೆ

ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ರಿಕ್ಷಾದ ಹಿಂದಿನ ಸೀಟಲ್ಲಿ ಮಡಚಿ ಮಲಗಿಸುವುದು ನಮ್ಮ ಕಡೆ ಮಾಮೂಲಿ. ಉದ್ದೇಶ ಒಳ್ಳೆಯದೇ. ಆದರೆ ಮುರಿದ ಎಲುಬು ಅಲುಗಾಡಿದರೆ ಅರ್ಧ ಉಳಿದಿದ್ದ ಹುರಿಯೂ ಹೋಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವ ಹಾಗೆ ನಾಲ್ಕೈದು ಜನ ಸೇರಿ ಗಟ್ಟಿ ಹಲಗೆ ಮೇಲೆ ಹಾಕಬೇಕು. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ತೋಟದೊಳಗೆ ಬರದಿದ್ದರೆ ರಸ್ತೆವರೆಗೂ ಹಲಗೆಯಲ್ಲೇ ಸಾಗಿಸಬೇಕು.

ದೋಟಿ ಒಂದೇ ಸಾಕೇ?

ಮರ ಹತ್ತುವವರು ಸಿಗದ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ ದೊಡ್ಡ ಉಪಕಾರ ಮಾಡಿದೆ. ಕ್ಯಾಂಪ್ಕೊದಂಥ ಸಂಸ್ಥೆಗಳು ತರಬೇತಿಗೂ ಕೈ ಜೋಡಿಸಿವೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿ ತೋರಿಸಿದ್ದಾರೆ. ನೆಲದಲ್ಲಿ ನಿಂತು ಕೊನೆ ತೆಗೆಯುವವರು ಮರದಿಂದ ಬೀಳುವುದಿಲ್ಲ, ಅಷ್ಟು ಖಂಡಿತ. ಆದರೆ ದಿನವಿಡೀ ಮೇಲೆ ನೋಡಿ ಉದ್ದದ ದೋಟಿ ಆಡಿಸಿದರೆ ಕುತ್ತಿಗೆ, ಭುಜ ಹಿಡಿಯುತ್ತದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುವುದರಿಂದ ಲೈನಿನ ಹತ್ತಿರ ಜೀವಕ್ಕೇ ಅಪಾಯ. ಎಲ್ಲ ತೋಟಕ್ಕೂ ದೋಟಿ ಬರುವವರೆಗೆ ಮರ ಹತ್ತುವವರು ಇರುತ್ತಾರೆ. ಈಗಾಗಲೇ ಬಿದ್ದು ಮಲಗಿದವರಿಗೆ ದೋಟಿಯಿಂದ ಏನೂ ಇಲ್ಲ.

ಆಪರೇಷನ್ ಆದ ಮೇಲೆ

ಎಲುಬಿಗೆ ರಾಡ್ ಹಾಕಿದರೆ ಬೆನ್ನು ನಿಲ್ಲುತ್ತದೆ, ಹುರಿ ಸರಿಯಾಗುತ್ತದೆ ಅಂತ ಅರ್ಥ ಅಲ್ಲ. ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ಮೂತ್ರದ ನಳಿಕೆ ಸ್ವಚ್ಛ ಇರಬೇಕು, ಇಲ್ಲದಿದ್ದರೆ ಸೋಂಕು ಕಿಡ್ನಿಗೆ ಹೋಗುತ್ತದೆ. ಗಾಲಿಕುರ್ಚಿಗೆ ತಾನೇ ಹತ್ತಿ ಇಳಿಯಲು ತಿಂಗಳುಗಟ್ಟಲೆ ತರಬೇತಿ ಬೇಕು. ಇದಕ್ಕೆಂದೇ ಇರುವ ಹತ್ತಿರದ ಜಾಗ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಬಳಿಯ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿ ನಡೆಸುವ ಸೇವಾಧಾಮ. ಒಂದು ಸೇವಾ ಸಂಸ್ಥೆ ಮಾಡುತ್ತಿರುವ ಕೆಲಸ ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲೂ ಆಗಬೇಕಲ್ಲವೇ?

ಪುತ್ತೂರಿಗೆ 2025-26ರ ರಾಜ್ಯ ಬಜೆಟ್‌ನಲ್ಲಿ ಮೆಡಿಕಲ್ ಕಾಲೇಜು ಘೋಷಣೆಯಾಗಿದೆ. ಜಾಗ, ಕಟ್ಟಡದ ಚರ್ಚೆ ಜೋರಾಗಿದೆ. ಅಡಿಕೆಯ ಊರಿನ ಆಸ್ಪತ್ರೆಯಲ್ಲಿ ಬೆನ್ನುಹುರಿ ಪುನಶ್ಚೇತನ ವಿಭಾಗ ಇರಲೇಬೇಕು ಅಂತ ಈಗಲೇ ಕೇಳಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ತಡ.

ಅಲ್ಲಿವರೆಗೆ ತೋಟದ ಯಜಮಾನರು ಮಾಡಬಹುದಾದ ಒಂದು ಕೆಲಸ ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಲ್ಲಿ ಮೃತಪಟ್ಟರೆ ಅಥವಾ ಎರಡೂ ಕಾಲು ಶಾಶ್ವತವಾಗಿ ಬಲ ಕಳಕೊಂಡರೆ 2 ಲಕ್ಷ ಸಿಗುತ್ತದೆ. ಮರ ಹತ್ತಲು ಬರುವವರ ಬ್ಯಾಂಕ್ ಖಾತೆಯಲ್ಲಿ ಇದು ಚಾಲ್ತಿಯಲ್ಲಿದೆಯೇ, ಜೂನ್ 1ರ ಮೊದಲು ನವೀಕರಣದ ಹಣ ಕಡಿತ ಆಗಿದೆಯೇ ನೋಡಿ. ಎರಡು ಲಕ್ಷದಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ಆದರೆ ಮೊದಲ ಕೆಲವು ತಿಂಗಳು ಸಾಲಕ್ಕೆ ಕೈ ಚಾಚುವುದು ತಪ್ಪೀತು.