ಟಾರ್ಚ್ ಹಿಡಿಯಬೇಕೋ, ಬಂದೂಕು ಹಿಡಿಯಬೇಕೋ?

ಹೇಮಾವತಿಯ ಹಿನ್ನೀರು ಇಳಿದ ಮೇಲೆ ಶೆಟ್ಟಿಹಳ್ಳಿಯ ಹಾಳು ಚರ್ಚಿನೊಳಗೆ ಸಂಜೆ ಹೊತ್ತು ಒಬ್ಬರೇ ನಿಂತಿದ್ದೀರಾ? ಹಕ್ಕಿ ರೆಕ್ಕೆ ಬಡಿದರೂ ಎದೆ ಝಲ್ಲೆನ್ನುತ್ತದೆ. ಓಡಿಬಿಡೋಣ ಅನ್ನಿಸುತ್ತದೆ, ಇನ್ನೊಂದು ನಿಮಿಷ ಇರೋಣ ಎಂದೂ ಅನ್ನಿಸುತ್ತದೆ. ಹೆದರಿಸುವ ಶೂಟಿಂಗ್ ಗೇಮ್‌ಗಳ ಮಜಾ ಇರುವುದು ಆ ಒಂದು ನಿಮಿಷದಲ್ಲಿ.

ನಮ್ಮ ಹಿರಿಯರಿಗೆ ಬಂದೂಕು ಕಂಡ ಗೇಮ್‌ಗಳೆಲ್ಲ ಪಬ್ಜಿಯೇ. "ಸಾಯಿಸೋದ್ರಲ್ಲಿ ಏನು ಖುಷಿ?" ಎಂದು ಬೈಯುತ್ತಾರೆ. "ಸರ್ಕಾರವೇ ಬ್ಯಾನ್ ಮಾಡಿತ್ತಲ್ಲ" ಎಂದೂ ಸೇರಿಸುತ್ತಾರೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಷೇಧಿಸುವಾಗ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಜನರ ಮಾಹಿತಿಯ ಸುರಕ್ಷತೆ, ಹಿಂಸೆ ಅಲ್ಲ. ಆ ಪ್ರಶ್ನೆಗೆ ನನ್ನ ಉತ್ತರ ಬೇರೆ ಇದೆ.

ನಾನು ಭಾಯಿಯ ಹಳೆಯ ಕಂಪ್ಯೂಟರಿನಲ್ಲಿ ಆಡಿದ್ದು 2004ರ 'ಡೂಮ್ 3'. ಮಂಗಳ ಗ್ರಹದ ಸಂಶೋಧನಾ ಕೇಂದ್ರಕ್ಕೆ ಭೂತಗಳು ನುಗ್ಗುವ ಕಥೆ. ನಮ್ಮ ಕಣ್ಣೇ ಸೈನಿಕನ ಕಣ್ಣು. ಎಲ್ಲಿ ನೋಡಿದರೂ ಕತ್ತಲೆ. ಅಲ್ಲಿ ಒಂದು ನಿಯಮ ಇದೆ: ಟಾರ್ಚ್ ಹಿಡಿದರೆ ಬಂದೂಕು ಇಲ್ಲ, ಬಂದೂಕು ಹಿಡಿದರೆ ಬೆಳಕಿಲ್ಲ. ಎಷ್ಟೋ ಜನ ಆಟಗಾರರು ಈ ನಿಯಮವನ್ನು ಬೈದರು. 2012ರ ಹೊಸ ಆವೃತ್ತಿಯಲ್ಲಿ ಎರಡೂ ಒಟ್ಟಿಗೆ ಸಿಗುವಂತೆ ಮಾಡಿದರು. ನನಗೆ ಹಳೆಯದೇ ಇಷ್ಟ.

ಕಾರಣವನ್ನು ನಮ್ಮ ಅರ್ಥಶಾಸ್ತ್ರದ ಪಾಠವೇ ಹೇಳುತ್ತದೆ. ಬೇಕುಗಳು ಹೆಚ್ಚು, ಸಂಪನ್ಮೂಲ ಕಡಿಮೆ, ಹಾಗಾಗಿ ಆಯ್ಕೆ ಮಾಡಲೇಬೇಕು. ಕೈತುಂಬ ಗುಂಡು, ಕೋಣೆ ತುಂಬ ಬೆಳಕು ಇದ್ದರೆ ಹೆದರಿಕೆ ಎಲ್ಲಿಂದ ಬರಬೇಕು? 2017ರ 'ರೆಸಿಡೆಂಟ್ ಈವಿಲ್ 7'ರಲ್ಲೂ ಹೀಗೆಯೇ, ಗುಂಡುಗಳನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕು. ಖುಷಿ ಕೊಡುವುದು ಸಾಯಿಸುವುದಲ್ಲ. ಕೈ ನಡುಗುತ್ತಿದ್ದರೂ ಮುಂದಿನ ಬಾಗಿಲು ತೆರೆದೆನಲ್ಲ, ಅದು.

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ತ್ರೀ ಫೇಸ್ ಕರೆಂಟ್ ಬಂತು. ಅಬ್ಬಾ ಮನೆ ಹಿಂದಿನ ಶುಂಠಿ ಹೊಲಕ್ಕೆ ನೀರು ಬಿಡಲು ಹೋದರು. ಮೊಬೈಲ್ ಮನೆಯಲ್ಲೇ ಚಾರ್ಜಿಗೆ ಇತ್ತು. ಮೋಟಾರ್ ಹತ್ತಿರ ಟಾರ್ಚ್ ಕೆಟ್ಟಿತು, ಕಾಲ ಬಳಿ ಏನೋ ಸರಿದ ಸದ್ದಾಯಿತು. ನನ್ನ ಹೆಸರು ಹಿಡಿದು ಕೂಗಿದರು. ನನ್ನ ಕಿವಿಗೆ ಹೆಡ್‌ಫೋನ್. ನಾನು ಮಂಗಳ ಗ್ರಹದಲ್ಲಿ ಟಾರ್ಚ್ ಹಿಡಿದು ಭೂತ ಹುಡುಕುತ್ತಿದ್ದೆ. ಕೊನೆಗೆ ಅಮ್ಮಿ ಎದ್ದು ಮೊಬೈಲ್ ಬೆಳಕು ಹಿಡಿದು ಓಡಿದರು. ಅಲ್ಹಮ್ದುಲಿಲ್ಲಾಹ್, ಏನೂ ಆಗಲಿಲ್ಲ. "ಮಲಗಿದ್ದೆ ಅನ್ಸುತ್ತೆ ಬೇಟಾ" ಅಂದರು ಅಬ್ಬಾ. ನಾನು ಹೌದು ಅಂದೆ.

ಗೇಮಿನ ಹೆದರಿಕೆಯನ್ನು ಒಂದು ಬಟನ್ ಒತ್ತಿ ನಿಲ್ಲಿಸಬಹುದು. ಅಬ್ಬಾ ನಿಂತಿದ್ದ ಕತ್ತಲೆಗೆ ಅಂಥ ಬಟನ್ ಇರಲಿಲ್ಲ. ಆಟದಲ್ಲಿ ಧೈರ್ಯ ಕಲಿತೆ ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಳ್ಳುತ್ತಿದ್ದವನಿಗೆ ನಿಜ ಹೇಳುವ ಧೈರ್ಯವೇ ಬರಲಿಲ್ಲ. ಈ ಬರಹ ಕೊಡುವ ಹಿಂದಿನ ದಿನ ಹೇಳಿದೆ. ಅಬ್ಬಾ ನಕ್ಕರು. "ಗೊತ್ತಿತ್ತು. ಹೊಲದಿಂದ ನಿನ್ನ ಕಿಟಕಿ ಕಾಣುತ್ತೆ. ಬೆಳಕು ಕುಣೀತಿತ್ತು."

ನಾನು ಗೇಮ್ ಬಿಟ್ಟಿಲ್ಲ, ಬಿಡಿ ಎಂದು ನಿಮಗೂ ಹೇಳುವುದಿಲ್ಲ. ಆದರೆ ಒಂದು ಕಿವಿ ಮನೆಯವರಿಗೆ ಇರಲಿ. ಫಜರ್‌ಗೆ ಏಳಲಾಗದಷ್ಟು ಹೊತ್ತು, ಪರೀಕ್ಷೆಯ ಹಿಂದಿನ ರಾತ್ರಿ ಆಡುವುದು ಬೇಡ. ಅಮೆರಿಕದಲ್ಲಿ 'ಡೂಮ್ 3'ಕ್ಕೆ 17 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಇದೆ. ತಮ್ಮ ತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಹಿರಿಯರಲ್ಲಿ ಒಂದೇ ವಿನಂತಿ: ಬೈಯುವ ಮುಂಚೆ ಒಮ್ಮೆ ಪಕ್ಕದಲ್ಲಿ ಕೂತು ನಾವು ಏನು ಆಡುತ್ತಿದ್ದೇವೆ ಎಂದು ನೋಡಿ.

ಈಗ ರಾತ್ರಿ ನೀರು ಬಿಡುವ ದಿನ ನಾನೂ ಅಬ್ಬಾ ಜೊತೆ ಹೋಗುತ್ತೇನೆ. ಹೆದರಿಕೆ ಆಗುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ