ಹಕ್ಕಿಯ ಕಣ್ಣುಬೇನೆ, ಕೋಳಿಯ ರೋಗ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯ ಕೃಷಿ ವಿದ್ಯೆಗೆ ಹೆಸರಾದುದು. ಅಲ್ಲಿನ ಪಕ್ಷಿಶಾಸ್ತ್ರ ಕೇಂದ್ರದ ಅಂಗಳದಲ್ಲಿ ಚಳಿಗಾಲ ಬಂತೆಂದರೆ ಕೊಳವೆ, ತಟ್ಟೆಗಳಲ್ಲಿ ಸೂರ್ಯಕಾಂತಿ ಬೀಜ ತುಂಬಿ ಹಕ್ಕಿಗಳಿಗೆ ತೂಗುಹಾಕುತ್ತಾರೆ. ಹಿಮ ಬಿದ್ದ ದಿನಗಳಲ್ಲಿ ಹತ್ತು ಹನ್ನೆರಡು ಗ್ರಾಂ ತೂಗುವ ಚಿಕಡೀ ಹಕ್ಕಿ ಒಂದೊಂದೇ ಬೀಜ ಕಚ್ಚಿ ಒಯ್ದು ಮರದ ತೊಗಟೆಯ ಸಂದಿಯಲ್ಲಿ ಬಚ್ಚಿಡುವುದನ್ನು ಜನ ಕಿಟಕಿಯೊಳಗಿನಿಂದ ನೋಡುತ್ತಾರೆ.

ಜೋಳ ತೆನೆಗಟ್ಟಿದಾಗ ಅಟ್ಟಣೆ ಏರಿ ಕವಣೆ ಬೀಸುವ ನಮಗೆ, ಹಣ ಕೊಟ್ಟು ಕಾಳು ತಂದು ಹಕ್ಕಿಗೆ ಹಾಕುವುದು ವಿಚಿತ್ರವೆನಿಸಬಹುದು. ಆದರೆ ಅಲ್ಲಿ ನೋಡಿದ್ದನ್ನು ಬರೆದಿಡುತ್ತಾರೆ. 1987ರ ಚಳಿಗಾಲದಿಂದ ಈ ಕೇಂದ್ರ ಕೆನಡಾದವರೊಡನೆ ಸೇರಿ ಮನೆಮನೆಯಿಂದ ಹಕ್ಕಿಗಳ ಲೆಕ್ಕ ತರಿಸುತ್ತಿದೆ. ದಿನವಿಡೀ ಬಂದವನ್ನೆಲ್ಲ ಕೂಡಿಸುವಂತಿಲ್ಲ. ಒಂದೇ ನೋಟಕ್ಕೆ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕು. ಇಲ್ಲವಾದರೆ ಒಂದೇ ಹಕ್ಕಿ ಹತ್ತು ಸಲ ಬಂದು ಹತ್ತು ಹಕ್ಕಿಯಾದೀತು!

ಹೀಗೆ ಕಣ್ಣಿಟ್ಟು ನೋಡುವುದರ ಬೆಲೆ ತಿಳಿದದ್ದು 1994ರಲ್ಲಿ. ಆ ಚಳಿಗಾಲ ವಾಷಿಂಗ್ಟನ್ ಸುತ್ತಿನ ಮನೆಗಳವರು ಹೌಸ್ ಫಿಂಚ್ ಎಂಬ ಗುಬ್ಬಿಯಷ್ಟು ದೊಡ್ಡ ಹಕ್ಕಿಗಳ ಕಣ್ಣು ಊದಿ, ಪಿಸುರುಗಟ್ಟಿ, ಮುಚ್ಚಿಕೊಂಡಿದ್ದನ್ನು ಕಂಡರು. ಕಾರ್ನೆಲ್ ಕೇಂದ್ರ ಎಲ್ಲೆಡೆಯಿಂದ ಸುದ್ದಿ ತರಿಸಿತು. ಕೆಲವೇ ವರ್ಷಗಳಲ್ಲಿ ಬೇನೆ ಖಂಡದ ಪೂರ್ವಾರ್ಧಕ್ಕೆಲ್ಲ ಹಬ್ಬಿ, ಹಕ್ಕಿ ದಟ್ಟವಾಗಿದ್ದ ಕಡೆ ಸಂಖ್ಯೆ ಅರ್ಧದಷ್ಟು ಕುಸಿಯಿತೆಂದು ತಿಳಿದದ್ದು ಈ ಸಾಮಾನ್ಯ ಜನರ ಲೆಕ್ಕದಿಂದಲೇ.

ಪರೀಕ್ಷಿಸಿದಾಗ ಸಿಕ್ಕ ರೋಗಾಣು ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್. ನಮ್ಮ ಕೋಳಿ ಸಾಕುವವರು ಸಿ.ಆರ್.ಡಿ. ಎನ್ನುವ ಉಸಿರಾಟದ ರೋಗಕ್ಕೆ ಕಾರಣವೂ ಇದೇ ಜಾತಿಯ ರೋಗಾಣು. ಆ ಫಿಂಚ್‌ನಿಂದ ನಮ್ಮ ಕೋಳಿಗೆ ರೋಗ ಬಂದೀತೆಂದು ಯಾರೂ ಅಂಜಬೇಕಾಗಿಲ್ಲ. ರೋಗ ದಾಟುವ ಬಗೆಯನ್ನು ಮಾತ್ರ ಗಮನಿಸಬೇಕು. ಬೇನೆ ಬಿದ್ದ ಹಕ್ಕಿ ಕೊಳವೆಯ ಕಿಂಡಿಗೆ ತಲೆ ತೂರಿಸುತ್ತದೆ, ಕಣ್ಣಿನ ಕೀವು ಅಂಚಿಗೆ ಅಂಟುತ್ತದೆ, ಮುಂದಿನ ಹಕ್ಕಿ ಅಲ್ಲಿಗೇ ಮುಖವಿಡುತ್ತದೆ. ಪ್ರೀತಿಯಿಂದ ಹಾಕಿದ ಕಾಳೇ ರೋಗದ ಹಾದಿಯಾಯಿತು. ಅದಕ್ಕೇ ಎರಡು ವಾರಕ್ಕೊಮ್ಮೆ ಕೊಳವೆಯನ್ನು ಬಿಸಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ ಎಂದೂ, ಬೇನೆ ಬಿದ್ದ ಹಕ್ಕಿ ಕಂಡರೆ ಕೆಲದಿನ ಇಳಿಸಿಡಿ ಎಂದೂ ಅಲ್ಲಿ ಹೇಳುತ್ತಾರೆ.

ನಮ್ಮ ಕೋಳಿಮನೆಗಳಲ್ಲಿ ನೀರಿನ ತಟ್ಟೆ ತೊಳೆಯುವುದು ನಾಳೆಗೆ, ನಾಡಿದ್ದಿಗೆ ಸರಿಯುವುದುಂಟು. ಸಿ.ಆರ್.ಡಿ. ಮೊಟ್ಟೆಯ ಮೂಲಕವೂ ಮರಿಗೆ ಇಳಿಯುವುದರಿಂದ ರೋಗವಿಲ್ಲದ ಹಿಂಡಿನ ಮರಿಯನ್ನೇ ತರಬೇಕು. ಗೊರಗೊರ ಉಸಿರೆಳೆಯುವ, ಮೂಗು ಸೋರುವ ಕೋಳಿಯನ್ನು ಅಂದೇ ಬೇರೆ ಮಾಡಿ. ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಅಂದಿನ ತಾರೀಖಿನೆದುರು ಎಷ್ಟು ಕೋಳಿ ಕೆಮ್ಮಿದವು, ಮೊಟ್ಟೆ ಎಷ್ಟು ಇಳಿಯಿತು ಎಂದು ಬರೆಯಿರಿ. ಪಶುವೈದ್ಯರ ಬಳಿ ಹೋಗುವಾಗ ಆ ಹಾಳೆಯೂ ಜೊತೆಗಿರಲಿ.