ಹೊರದೇಶದಲ್ಲಿ ಓದಿ ಬಂದ ವೈದ್ಯರ ಇಂಟರ್ನ್‌ಶಿಪ್ ಶಿಷ್ಯವೇತನ ಕುರಿತು ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ವೈದ್ಯಕೀಯ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ಇಂದ: ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ವಿದೇಶಿ ವೈದ್ಯಕೀಯ ಪದವೀಧರರು ಮತ್ತು ಅವರ ತಂದೆ ತಾಯಂದಿರು.

ವಿಷಯ: ಶಿಷ್ಯವೇತನ ಕೊಡಿಸುವ, ಕಟ್ಟಿಸಿಕೊಂಡ ಹಣ ವಾಪಸು ಮಾಡಿಸುವ ಹಾಗೂ ತಡೆಹಿಡಿದ ಪ್ರಮಾಣಪತ್ರ ಬಿಡುಗಡೆ ಮಾಡಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಗರದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಮ್ಮ ಪೈಕಿ ಒಂಬತ್ತು ಮಂದಿ ಹನ್ನೆರಡು ತಿಂಗಳ ಕಡ್ಡಾಯ ಇಂಟರ್ನ್‌ಶಿಪ್ ಮುಗಿಸಿದ್ದಾರೆ. ಅಷ್ಟೂ ತಿಂಗಳಲ್ಲಿ ಒಬ್ಬರ ಖಾತೆಗೂ ಒಂದು ರೂಪಾಯಿ ಶಿಷ್ಯವೇತನ ಬಂದಿಲ್ಲ. ಬದಲಿಗೆ ‘ಅಭಿವೃದ್ಧಿ ನಿಧಿ’ ಎಂದು ಅವರಿಂದಲೇ ಹಣ ಕಟ್ಟಿಸಿಕೊಂಡಿದ್ದಾರೆ. ಎರಡನೇ ಕಂತು ಕಟ್ಟಲಾಗದ ನಾಲ್ವರ ಪ್ರಮಾಣಪತ್ರ ಇನ್ನೂ ಆಸ್ಪತ್ರೆಯ ಬೀರುವಿನಲ್ಲಿದೆ. ಆ ಕಾಗದವಿಲ್ಲದೆ ಕಾಯಂ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಜ್ವರಕ್ಕೆ ಒಂದು ಚೀಟಿ ಬರೆಯುವ ಹಕ್ಕೂ ಇಲ್ಲ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಆಸ್ಪತ್ರೆಯ ಹೆಸರನ್ನು ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿ ಸಲ್ಲಿಸಿದ್ದೇವೆ. ಏಕೆಂದರೆ ಕಾಗದ ಕೈಗೆ ಬರುವ ತನಕ ಮಕ್ಕಳಿಗೆ ಹೆದರಿಕೆ ಇದ್ದೇ ಇದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಮಾರ್ಚ್ 4ರ ಸುತ್ತೋಲೆಯನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶುಲ್ಕ ಪಡೆಯುವುದಿಲ್ಲವೆಂದು ಕಾಲೇಜಿನಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು, ಸರ್ಕಾರಿ ಕಾಲೇಜಿನ ಇಂಟರ್ನ್‌ಗಳಿಗೆ ಸಮನಾದ ಶಿಷ್ಯವೇತನ ಕೊಡಬೇಕು ಎಂದು ಅದರಲ್ಲಿದೆ. ಇಲ್ಲಿ ನಡೆದದ್ದು ಅದಲುಬದಲು. ಮುಚ್ಚಳಿಕೆ ಬರೆದುಕೊಡಬೇಕಾದವರು ಆಸ್ಪತ್ರೆಯವರು, ಬರೆದುಕೊಟ್ಟವರು ನಮ್ಮ ಮಕ್ಕಳು. ಸೇರಿದ ದಿನವೇ ನೂರು ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ, ಶಿಷ್ಯವೇತನವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ಬರೆಸಿಕೊಂಡರು. ಒಂಬತ್ತರ ಪ್ರತಿಯೂ ಅನುಬಂಧ 1ರಲ್ಲಿದೆ. ಒಂಬತ್ತರಲ್ಲೂ ಒಂದೇ ಒಕ್ಕಣೆ, ಮೂರನೇ ಸಾಲಿನಲ್ಲಿ ಒಂದೇ ಕಾಗುಣಿತದ ತಪ್ಪು. ಸ್ವಂತ ಇಚ್ಛೆಯಿಂದ ಬರೆದವರು ಒಂಬತ್ತು ಜನವೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುತ್ತಾರೆಯೇ, ತಾವೇ ಹೇಳಬೇಕು.

ಅನುಬಂಧ 2ರಲ್ಲಿ ಹಣ ಕಟ್ಟಿದ ರಶೀದಿಗಳಿವೆ, 3ರಲ್ಲಿ ಹನ್ನೆರಡು ತಿಂಗಳ ಪಾಸ್‌ಬುಕ್ ಪುಟಗಳು. ಅನುಬಂಧ 4ನ್ನು ತಾವು ಖುದ್ದಾಗಿ ನೋಡಬೇಕೆಂದು ಪ್ರಾರ್ಥನೆ. ಅದು ಕ್ಯಾಶುವಲ್ಟಿಯ ಗೋಡೆಯ ಮೇಲಿದ್ದ ಡ್ಯೂಟಿ ಪಟ್ಟಿಯ ಫೋಟೊ. ಅಲ್ಲಿಯೇ ಓದಿದ ಇಂಟರ್ನ್‌ಗಳ ಹೆಸರು ಟೈಪಾಗಿದೆ. ನಮ್ಮವರದು ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಹೆಸರೂ ಇಲ್ಲದೆ, ವಿದೇಶಿ ವೈದ್ಯಕೀಯ ಪದವೀಧರರೆಂಬುದಕ್ಕೆ ‘ಎಫ್‌ಎಂಜಿ 1’, ‘ಎಫ್‌ಎಂಜಿ 2’ ಎಂದು. ದೀಪಾವಳಿಯ ಮೂರೂ ರಾತ್ರಿಗಳಲ್ಲಿ ಇರುವುದು ಆ ಪೆನ್ಸಿಲ್ ಗುರುತು ಮಾತ್ರ. ತಿಂಗಳ ಕೊನೆಗೆ ಅದನ್ನು ಅಳಿಸುತ್ತಿದ್ದರು. ಹಾಗಾಗಿ ದುಡಿದದ್ದಕ್ಕೆ ಸಾಕ್ಷಿ ಬೇಕೆಂದು ನಮ್ಮ ಮಕ್ಕಳಲ್ಲಿ ಒಬ್ಬರು ಪ್ರತಿ ತಿಂಗಳೂ ಕದ್ದು ಫೋಟೊ ತೆಗೆದಿಟ್ಟುಕೊಂಡರು. ಜನರ ಪ್ರಾಣ ಕಾಯುವ ಕೆಲಸದಲ್ಲಿರುವವರಿಗೆ ಇಂಥ ಕಳ್ಳತನ ಕಲಿಸಿದವರು ಯಾರು?

ನಾವು ವಿನಾಯಿತಿ ಕೇಳುತ್ತಿಲ್ಲ. ವಿದೇಶಿ ಪದವೀಧರರಿಗೆ 2002ರಿಂದ ಜಾರಿಯಲ್ಲಿರುವ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬೇಕು. ಇತ್ತೀಚೆಗೆ ಹತ್ತು ಮಂದಿ ಬರೆದರೆ ಎರಡು ಮೂರು ಮಂದಿ ದಾಟುವ ಪರೀಕ್ಷೆ ಅದು. ಒಂಬತ್ತು ಜನವೂ ದಾಟಿದ ಮೇಲೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು. ಅವರಲ್ಲಿ ಮೂವರು 2022ರ ಫೆಬ್ರವರಿ 24ರಂದು ಉಕ್ರೇನ್ ಯುದ್ಧ ಶುರುವಾದ ನಂತರ ಖಾರ್ಕಿವ್‌ನ ನೆಲಮಾಳಿಗೆಯಲ್ಲಿ ಬಿಸ್ಕತ್ತು ತಿಂದು ದಿನ ಕಳೆದವರು. ಮಾರ್ಚ್ 1ರಂದು ಅದೇ ಊರಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ. 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದ ಮಾತನ್ನು ಇಡೀ ರಾಜ್ಯ ಕೇಳಿಸಿಕೊಂಡಿತು. ಆ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ದಿನಗಳಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ಮಂತ್ರಿಗಳು ಯುದ್ಧದಿಂದ ಮರಳಿದ ಮಕ್ಕಳ ಕೈಗೆ ಗುಲಾಬಿ ಕೊಟ್ಟಿದ್ದರು. ಈಗ ನಾವು ಕೇಳುತ್ತಿರುವುದು ದುಡಿದ ಕೂಲಿ.

ಪ್ರಮಾಣಪತ್ರ ಸಿಗದ ನಾಲ್ವರಲ್ಲಿ ಒಬ್ಬ ಹೆಣ್ಣುಮಗಳು ನೀಟ್ ಪಿಜಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದಿದ್ದಳು. ದಾಖಲೆ ಪರಿಶೀಲನೆಯ ದಿನ ತೋರಿಸಲು ಪ್ರಮಾಣಪತ್ರವಿಲ್ಲದೆ ಸೀಟು ಕೈತಪ್ಪಿತು. ಮೊದಲ ಕಂತಿಗೆ ಅವಳ ತಾಯಿ ಚಾಮರಾಜಪೇಟೆಯ ಅಂಗಡಿಯಲ್ಲಿ ತಮ್ಮ ಅವಲಕ್ಕಿ ಸರವನ್ನು ಗಿರವಿ ಇಟ್ಟಿದ್ದಾರೆ. ಚೀಟಿಯ ಪ್ರತಿ ಅನುಬಂಧ 5. ಇದಾದ ಮೇಲೆ ಸುಮ್ಮನಿರುವುದು ನಮ್ಮಿಂದ ಆಗುವುದಿಲ್ಲ. ಹಿಂದೆ ಸಲ್ಲಿಸಿದ ಮೂರು ಮನವಿಗಳಲ್ಲಿ ಮೊದಲನೆಯದಕ್ಕೆ ಸ್ವೀಕೃತಿ ಮುದ್ರೆ ಬಿತ್ತು, ಎರಡನೆಯದಕ್ಕೆ ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು, ಮೂರನೆಯದು ಎಲ್ಲಿದೆಯೆಂದು ಯಾರೂ ಹೇಳುತ್ತಿಲ್ಲ.

ಹಿಂದೆ ಇಲ್ಲಿಂದ ಹೊರದೇಶಕ್ಕೆ ಹೋದ ವೈದ್ಯರ ಕಥೆಯೇ ಬೇರೆ. ಬ್ರಿಟನ್ 1975ರ ತನಕ ಭಾರತದ ವೈದ್ಯಕೀಯ ಪದವಿಯನ್ನು ನೇರವಾಗಿ ಒಪ್ಪುತ್ತಿತ್ತು. ಕೋಟೆಯ ಪಕ್ಕದ ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ ಆ ಕಾಲದಲ್ಲಿ ಹಡಗು, ವಿಮಾನ ಹತ್ತಿದ ಹಿರಿಯರು ನಮ್ಮ ಬೀದಿಗಳಲ್ಲಿ ಈಗಲೂ ಇದ್ದಾರೆ. ಪರದೇಶದ ಆಸ್ಪತ್ರೆಯಲ್ಲಿ ಮೊದಲ ತಿಂಗಳೇ ಸಂಬಳ ಎಣಿಸಿಕೊಂಡವರು ಅವರು. ತಮ್ಮ ಊರಿಗೇ ಮರಳಿದ ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಒಂಬತ್ತರಲ್ಲಿ ಇಬ್ಬರು ಜರ್ಮನ್ ಕಲಿಯಲು ಶುರುಮಾಡಿದ್ದಾರೆ, ಒಬ್ಬ ಬ್ರಿಟನ್ನಿನ ಪ್ಲ್ಯಾಬ್ ಪರೀಕ್ಷೆಗೆ ಓದುತ್ತಿದ್ದಾನೆ. ಅವರನ್ನು ಇಲ್ಲೇ ಇರು ಎಂದು ಹೇಳಲು ನಮಗೆ ಬಾಯಿಲ್ಲ.

ಆದ್ದರಿಂದ ನಾಲ್ವರ ಪ್ರಮಾಣಪತ್ರವನ್ನು ಹದಿನೈದು ದಿನದೊಳಗೆ ಕೊಡಿಸಬೇಕು. ಮುಚ್ಚಳಿಕೆಗಳನ್ನು ಅಸಿಂಧುವೆಂದು ಲಿಖಿತವಾಗಿ ತಿಳಿಸಿ, ಬಾಕಿಯಿರುವ ಹನ್ನೆರಡು ತಿಂಗಳ ಶಿಷ್ಯವೇತನವನ್ನು, ಕಟ್ಟಿಸಿಕೊಂಡ ಹಣವನ್ನು ಬಡ್ಡಿ ಸಮೇತ ಒಂಬತ್ತು ಮಂದಿಗೂ ಕೊಡಿಸಬೇಕು. ವಿದೇಶಿ ಪದವೀಧರರ ಇಂಟರ್ನ್‌ಶಿಪ್‌ಗೆ ಇಟ್ಟಿರುವ ಶೇ. 7.5ರ ಮಿತಿಯಲ್ಲಿ ಯಾವ ಕಾಲೇಜಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಇಂಟರ್ನ್‌ಶಿಪ್ ಮಾಡುವ ವಿದೇಶಿ ಪದವೀಧರರಿಗೆ ಗುರುತಿನ ಚೀಟಿ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಗ್ರಂಥಾಲಯಕ್ಕೆ ಪ್ರವೇಶ, ಕ್ಯಾಂಟೀನಿನಲ್ಲಿ ಉಳಿದವರ ದರ, ಇವನ್ನೂ ಗಮನಿಸಬೇಕಾಗಿ ವಿನಂತಿ.

ಹಾಗೆಯೇ, ಮದುವೆಯಾಗಿ ಬೆಂಗಳೂರಿಗೆ ಬಂದು ನೆಲೆಸಿದ ಹೆಣ್ಣುಮಕ್ಕಳನ್ನು ಇಂಟರ್ನ್‌ಶಿಪ್ ಜಾಗ ಹಂಚುವಾಗ ಹೊರರಾಜ್ಯದವರೆಂದು ಕೊನೆಗೆ ತಳ್ಳಬಾರದು. ಹಾಸಿಗೆ ಹಿಡಿದ ತಂದೆ ತಾಯಿ ಇರುವ, ಇನ್ನೂ ಇಂಟರ್ನ್‌ಶಿಪ್ ಮುಗಿಸದ ಮಲ್ಲೇಶ್ವರದ ಪದವೀಧರರಿಗೆ, ಅವಕಾಶವಿದ್ದರೆ, ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿಯೇ ಉಳಿದ ಅವಧಿ ಮುಗಿಸಲು ಅನುಮತಿ ಕೊಡಬೇಕು. ನೋಂದಣಿ ಆದವರನ್ನು ನಮ್ಮ ಮೂರೂ ಬಡಾವಣೆಗಳ ‘ನಮ್ಮ ಕ್ಲಿನಿಕ್’ಗಳ ವೈದ್ಯರ ನೇಮಕದಲ್ಲಿ ಆದ್ಯತೆಯ ಮೇಲೆ ಪರಿಗಣಿಸಬೇಕು.

ಮೂಲ ದಾಖಲೆಗಳೊಂದಿಗೆ ಖುದ್ದು ಹಾಜರಾಗಲು ದಿನಾಂಕ ಗೊತ್ತುಮಾಡಿ ತಿಳಿಸಬೇಕಾಗಿ ಪ್ರಾರ್ಥನೆ. ಮುಂದಿನ ನೀಟ್ ಪಿಜಿ ಅರ್ಜಿಯ ಕಡೆಯ ದಿನಕ್ಕೆ ಮುಂಚಿನ ಯಾವ ದಿನವಾದರೂ ಸರಿ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿ)
ಲಗತ್ತು: ಅನುಬಂಧ 1ರಿಂದ 5, ಮುಚ್ಚಿದ ಲಕೋಟೆ 1